ನಂಬಿಗಸ್ತ ತಾಯಿ ಮತ್ತು ಮುಂದಿನ ಕೋಣೆಯ ಬೀಗದಕೈ

ನನ್ನ ಅತ್ತೆ ಗ್ರಿಜೆಲ್ ಗಥ್ರಿಯ ಸೊಂಟದಲ್ಲಿ ಸದಾ ಒಂದು ಬೀಗದಕೈ ತೂಗುತ್ತಿತ್ತು. ಅದು ಹಣದ ಪೆಟ್ಟಿಗೆಯದಲ್ಲ, ಉಗ್ರಾಣದ್ದೂ ಅಲ್ಲ, ಮುಂದಿನ ಕೋಣೆಯದು. ಮತೌರಾ ಹೊಳೆಯ ನಮ್ಮ ದಂಡೆಯಲ್ಲಿ ಯಾವ ಸ್ಕಾಟಿಷ್ ವಲಸಿಗರ ಮನೆಗೆ ಹೋದರೂ ಒಂದು ಮುಂದಿನ ಕೋಣೆ ಇರುತ್ತಿತ್ತು, ಅದರಲ್ಲಿ ಯಾರೂ ಇರುತ್ತಿರಲಿಲ್ಲ. ಪಾದ್ರಿ ಬಂದಾಗ ಬಾಗಿಲು ತೆರೆಯುತ್ತಿತ್ತು, ಮನೆಯಲ್ಲಿ ಯಾರಾದರೂ ಸತ್ತಾಗ ತೆರೆಯುತ್ತಿತ್ತು. ಉಳಿದ ದಿನಗಳಲ್ಲಿ ಕುದುರೆಗೂದಲಿನ ಸೋಫಾ, ಗಾಜಿನ ಗುಮ್ಮಟದೊಳಗಿನ ಮೇಣದ ಹಣ್ಣುಗಳು, ತೀರಿಹೋದ ಮಾವನವರ ದೊಡ್ಡ ಪಟ, ಇವು ಕತ್ತಲಲ್ಲಿ ಒಂದನ್ನೊಂದು ನೋಡಿಕೊಂಡು ಕೂತಿರುತ್ತಿದ್ದವು.

ನಾನು ಕಿರಿಯ ಮಗನ ಹೆಂಡತಿ. ನಮ್ಮ ಮನೆ ಬೇಲಿಯಾಚೆ, ಅಲ್ಲಿ ನಾನೇ ಯಜಮಾನಿ. ನನ್ನ ವಾರಗಿತ್ತಿ ಎಫಿ ಹಿರಿಯ ಮಗ ವಾಟಿಯ ಹೆಂಡತಿ, ಹಾಗಾಗಿ ಅತ್ತೆಯೂ ಮುಂದಿನ ಕೋಣೆಯೂ ಅವಳ ಪಾಲಿಗೆ ಬಂದಿದ್ದವು. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಅವಳು ಆ ಸೋಫಾದ ಮೇಲೆ ನೆಮ್ಮದಿಯಿಂದ ಕೂತದ್ದಿಲ್ಲ. ಮದುವೆಯ ದಿನ ಒಂದು ಸಲ, ಮಾವನವರನ್ನು ಮಣ್ಣು ಮಾಡಿದ ದಿನ ಒಂದು ಸಲ. “ಎರಡು ದಿನವೂ ಅಳ್ತಿದ್ದೆ ಬೆಲ್, ಕೋಣೆ ಸರಿಯಾಗಿ ಕಾಣ್ಲೇ ಇಲ್ಲ” ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದಳು. ಪಾದ್ರಿ ಬಂದಾಗ ಅವಳು ತಟ್ಟೆ ಹಿಡಿದು ಓಡಾಡುವವಳು, ಕೂರುವವಳಲ್ಲ.

ಆ ಕೋಣೆಗೆ ಉತ್ತರಕ್ಕೆ ದೊಡ್ಡ ಕಿಟಕಿಯಿತ್ತು; ಭೂಮಿಯ ದಕ್ಷಿಣ ತುದಿಯ ನಮ್ಮ ನಾಡಿನಲ್ಲಿ ಬಿಸಿಲು ಬೀಳುವುದು ಉತ್ತರದಿಂದ. ಚಳಿಗಾಲದ ಬಿಸಿಲೆಲ್ಲ ಮುಚ್ಚಿದ ಪರದೆಯ ಮೇಲೆ ಬಿದ್ದು ವ್ಯರ್ಥವಾಗಿ ಹೋಗುತ್ತಿತ್ತು. ಎಫಿಗೆ ಬೇಕಿದ್ದುದು ಇಷ್ಟೇ: ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಹೊಲಿಗೆ ಹಿಡಿದು ಆ ಬಿಸಿಲಲ್ಲಿ ಒಂದು ಗಳಿಗೆ ಕೂರುವುದು.

“ಬಿಸಿಲು ಬಿದ್ರೆ ಸೋಫಾದ ಬಣ್ಣ ಹೋಗುತ್ತೆ” ಎನ್ನುತ್ತಿದ್ದರು ಅತ್ತೆ.

“ಅಡುಗೆಮನೆ ಹೊಗೇಲಿ ನನ್ನ ಬಣ್ಣ ಹೋಗ್ತಿದೆಯಲ್ಲ ಅತ್ತೆ?”

“ನಿನ್ನದು ತೊಳೆದ್ರೆ ಬರುತ್ತೆ.”

ಇನ್ನು ವಾಟಿ. ಅವನು ಕುಡಿಯುತ್ತಿರಲಿಲ್ಲ, ಜೂಜಾಡುತ್ತಿರಲಿಲ್ಲ, ಅವನಿಗಿದ್ದ ಚಟ ಸುಧಾರಣೆಯದು. ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ಆ ವರ್ಷಗಳಲ್ಲಿ ಇನ್ವರ್ಕಾರ್ಗಿಲ್ ಕಡೆಯಿಂದ ಗಾಡಿ ತುಂಬ ಹೊಸ ಸಾಮಾನು ಹೇರಿಕೊಂಡು ಏಜೆಂಟರು ಬರುತ್ತಿದ್ದರು. ಅವರ ಕುದುರೆಗಳಿಗೆ ವಾಟಿಯ ಗೇಟು ಎಷ್ಟು ಗುರುತೆಂದರೆ ಲಗಾಮು ಸಡಿಲ ಬಿಟ್ಟರೂ ತಾವಾಗಿ ಒಳಗೆ ತಿರುಗುತ್ತಿದ್ದವು. ಟರ್ನಿಪ್ ಕತ್ತರಿಸುವ ಯಂತ್ರ, ಬಟ್ಟೆ ಒಗೆಯುವ ತೊಟ್ಟಿಲು, ಬೇಲಿ ತಂತಿ ಬಿಗಿಯುವ ಸನ್ನೆಕೋಲು, ವಾಟಿಯ ಹೆಬ್ಬೆರಳನ್ನು ಬಿಟ್ಟು ಬೇರೇನನ್ನೂ ಹಿಡಿಯದ ಇಲಿಬೋನು, ಎಲ್ಲವೂ ಒಂದು ವಾರ ಮನೆಯಲ್ಲಿ ಮೆರೆದು ಆಮೇಲೆ ಹಿಂದಿನ ಶೆಡ್ಡು ಸೇರುತ್ತಿದ್ದವು. ಅವನು ಕೊಂಡದ್ದನ್ನು ಕೊಂಡ ಹಾಗೇ ಬಿಡುತ್ತಲೂ ಇರಲಿಲ್ಲ. ಸುಧಾರಿಸಿದ ವಸ್ತುವನ್ನು ತಾನು ಇನ್ನಷ್ಟು ಸುಧಾರಿಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಜುಲೈ ತಿಂಗಳಲ್ಲಿ, ನಮ್ಮಲ್ಲಿ ಅದು ನಡುಚಳಿಗಾಲ, ಪೋಕಾಕ್ ಎಂಬ ಏಜೆಂಟ್ ಬಂದ. ನಾನು ರೊಟ್ಟಿ ಕಾವಲಿ ವಾಪಸು ಕೊಡಲು ಹೋಗಿ ಅವರ ಅಡುಗೆಮನೆಯಲ್ಲೇ ಇದ್ದೆ. ಪೋಕಾಕ್ ನಾಲ್ಕು ಕಾಲಿನ ಒಂದು ಮರದ ಪೆಟ್ಟಿಗೆಯನ್ನು ಒಳಗೆ ತಂದಿಟ್ಟ. ಮುಂದೆ ಗಾಜಿನ ಬಾಗಿಲು, ಒಳಗೆ ಕಾವು ತೋರಿಸುವ ಉಷ್ಣಮಾಪಕ, ಪಕ್ಕದಲ್ಲಿ ಸೀಮೆಎಣ್ಣೆಯ ದೀಪ. ದೀಪದ ಬಿಸಿ ಒಳಗೆ ಹರಿದು ಮೊಟ್ಟೆಗೆ ಕಾವು ಕೊಡುತ್ತದಂತೆ. ಪೆಟ್ಟಿಗೆಯ ಮೇಲೆ ಬಂಗಾರದ ಅಕ್ಷರದಲ್ಲಿ ಅದರ ಹೆಸರು ಬರೆದಿತ್ತು: ನಂಬಿಗಸ್ತ ತಾಯಿ.

“ಹೇಂಟೆ ಏನ್ಮಾಡುತ್ತೆ ಅಮ್ಮಾ?” ಎಂದು ಪೋಕಾಕ್ ಅತ್ತೆಯವರನ್ನೇ ಹಿಡಿದ. “ಕೂರುತ್ತೆ, ಏಳುತ್ತೆ, ಪಕ್ಕದೋಳ ಜೊತೆ ಜಗಳ ಆಡುತ್ತೆ, ಮನಸ್ಸು ಕೆಟ್ರೆ ಮೊಟ್ಟೆ ಬಿಟ್ಟು ಹೊರಟೇಹೋಗುತ್ತೆ. ಈ ತಾಯಿಗೆ ಮನಸ್ಸು ಅನ್ನೋದೇ ಇಲ್ಲ.”

“ಮನಸ್ಸಿಲ್ಲದ ತಾಯಿ! ಅದರ ಮೇಲೆ ನಂಬಿಗಸ್ತೆ ಅಂತ ಬೋರ್ಡು ಬೇರೆ!” ಅತ್ತೆ ಮೂಗು ಮುರಿದರು. “ವಾಟಿ, ಹೇಳ್ತೀನಿ ಕೇಳು, ಇದೂ ಶೆಡ್ಡಿಗೇ ಹೋಗೋದು.”

“ನಾನಲ್ಲಮ್ಮ ಕರೆಸಿದ್ದು” ಎಂದ ವಾಟಿ, ಪೆಟ್ಟಿಗೆಯ ತಿರುಪುಗಳನ್ನು ಆಸೆಯಿಂದ ಮುಟ್ಟಿ ನೋಡುತ್ತ.

“ನಾನು ಕರೆಸಿದ್ದು” ಎಂದಳು ಎಫಿ.

ಎಲ್ಲರೂ ಅವಳ ಕಡೆ ತಿರುಗಿದೆವು. ಕೋಳಿ ಸಾಕುವುದರಲ್ಲಿ ಎಫಿಯ ಕೈ ಒಳ್ಳೆಯದು. ಆದರೆ ಅವಳು ಏನನ್ನಾದರೂ ಕರೆಸಿದ್ದು ಅದೇ ಮೊದಲು. ಒಂದು ತಿಂಗಳು ಇಟ್ಟುಕೊಂಡು ನೋಡಿ, ಮರಿ ಆಗದಿದ್ದರೆ ವಾಪಸು ಒಯ್ಯುತ್ತೇನೆ ಎಂದ ಪೋಕಾಕ್. ಆಮೇಲೆ ಇಡುವ ಜಾಗದ ಮಾತು ಬಂತು. ಒಲೆಯ ಹತ್ತಿರ ಇಡುವಂತಿಲ್ಲ, ಕಾವು ಏರಿಳಿಯುತ್ತದೆ. ಶೆಡ್ಡಿನಲ್ಲಿಡುವಂತಿಲ್ಲ, ಚಳಿಗೆ ಮರಿಗಳು ಸಾಯುತ್ತವೆ. ಗಾಳಿಯಾಡಬಾರದು, ಜನ ಓಡಾಡಬಾರದು, ಬಾಗಿಲು ದಿನಕ್ಕೆ ಹತ್ತು ಸಲ ತೆರೆದು ಮುಚ್ಚಬಾರದು.

“ಅಂಥ ಕೋಣೆ ಯಾರ ಮನೇಲಿರುತ್ತೆ?” ಎಂದೆ ನಾನು, ಸುಮ್ಮನಿರಲಾರದೆ.

ಎಲ್ಲರ ಕಣ್ಣೂ ಅತ್ತೆಯ ಸೊಂಟಕ್ಕೆ ಹೋಯಿತು.

ಅತ್ತೆ ಆ ದಿನ ಒಪ್ಪಲಿಲ್ಲ, ಮರುದಿನವೂ ಒಪ್ಪಲಿಲ್ಲ. ಮೂರನೆಯ ದಿನ ಒಪ್ಪಿದರು, ಆದರೆ ಪಂತ ಕಟ್ಟಿ ಒಪ್ಪಿದರು.

“ಅರವತ್ತು ಮೊಟ್ಟೆ ಹಿಡಿಯುತ್ತೆ ಅಂದನಲ್ಲ ಆ ಬಾಯಿಬಡುಕ? ಇಡು. ಅರ್ಧಕ್ಕಿಂತ ಒಂದೇ ಒಂದು ಮರಿ ಹೆಚ್ಚಿಗೆ ಆಗ್ಲಿ, ಈ ಬೀಗದಕೈ ನಿಂದು. ಕಿಟಕಿ ತೆಕ್ಕೋ, ಸೋಫಾ ಮೇಲೆ ಮಲಕ್ಕೋ, ನಾನು ಕೇಳಲ್ಲ. ಆಗ್ಲಿಲ್ವೋ, ಪೆಟ್ಟಿಗೆ ವಾಪಸ್. ನಾನು ಸಾಯೋತನಕ ಆ ಕೋಣೆ ಮಾತು ನಿನ್ನ ಬಾಯಲ್ಲಿ ಬರಕೂಡದು.”

“ಆಗ್ಲಿ ಅತ್ತೆ” ಎಂದಳು ಎಫಿ. ಅವಳ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಮೊಟ್ಟೆ ಇಡುವುದಕ್ಕೂ ನಮ್ಮಲ್ಲಿ ಒಂದು ಕಟ್ಟಳೆಯಿತ್ತು. ಕಾವಿಗೆ ಕೂರಿಸುವುದು ಸೋಮವಾರ. ಆಗ ಮೂರು ವಾರ ಕಳೆದು ಮರಿ ಒಡೆಯುವುದೂ ಸೋಮವಾರವೇ, ದೇವರಿಗೆ ಮೀಸಲಾದ ಭಾನುವಾರದ ಸಬ್ಬತ್‌ಗೆ ತೊಂದರೆ ತಟ್ಟುವುದಿಲ್ಲ. ಭಾನುವಾರ ಗಥ್ರಿ ಮನೆಯಲ್ಲಿ ಹಸು ಕರೆಯುವುದು ಬಿಟ್ಟು ಕೆಲಸವೆಂಬುದಿಲ್ಲ. ಆಲೂಗಡ್ಡೆ ಶನಿವಾರವೇ ಸುಲಿದಿಡಬೇಕು, ಬೂಟು ಶನಿವಾರವೇ ಉಜ್ಜಿರಬೇಕು. ಭಾನುವಾರ ಸಿಳ್ಳೆ ಹಾಕಿದ್ದಕ್ಕೆ ವಾಟಿ ಮೂವತ್ತೈದನೆಯ ವಯಸ್ಸಿನಲ್ಲೂ ತಾಯಿಯಿಂದ ಬೈಸಿಕೊಂಡಿದ್ದ. ಎಫಿ ಸೋಮವಾರವೇ ಮೊಟ್ಟೆ ಇಟ್ಟಳು. ಒಂದೊಂದರ ಮೈಮೇಲೂ ಸೀಸದಕಡ್ಡಿಯಲ್ಲಿ ಗುರುತು ಹಾಕಿ, ಬೆಳಗ್ಗೆ ಸಂಜೆ ಮಗ್ಗುಲು ಬದಲಿಸಿದಳು.

ಮೊದಲ ಭಾನುವಾರವೇ ಜಗಳ ಹತ್ತಿತು.

“ಏನೇ ಮಾಡ್ತಿದೀಯ?”

“ಮೊಟ್ಟೆ ತಿರುಗಿಸ್ತಿದೀನಿ ಅತ್ತೆ. ನಿಮ್ಮ ಹೇಂಟೆಗಳು ಭಾನುವಾರ ತಿರುಗಿಸಲ್ವಾ?”

“ಹೇಂಟೆಗೆ ಆತ್ಮ ಇಲ್ಲ, ಅದು ಏನಾದ್ರೂ ಮಾಡ್ಕೊಳ್ಳಿ.”

“ಹಾಗಾದ್ರೆ ಮೂರು ವಾರ ನನ್ನನ್ನೂ ಹೇಂಟೆ ಅಂದ್ಕೊಳ್ಳಿ.”

ಅತ್ತೆ ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟರು. “ಸರಿ. ಹೇಂಟೆ ಮಾಡೋ ಕೆಲಸ ನೀನು ಮಾಡ್ಬಹುದು. ಅದು ಮಾಡದ್ದು ನೀನೂ ಮಾಡಕೂಡದು. ಮಗ್ಗುಲು ಬದಲಿಸು, ಬೇಡ ಅನ್ನಲ್ಲ. ಆದ್ರೆ ದೀಪಕ್ಕೆ ಎಣ್ಣೆ ಹುಯ್ಯೋದು, ಬತ್ತಿ ಕತ್ತರಿಸೋದು, ಅದೆಲ್ಲ ಶನಿವಾರ ಮುಗಿಸ್ಕೋ. ಸೀಮೆಎಣ್ಣೆ ಡಬ್ಬ ಹಿಡಿದ ಹೇಂಟೆ ನಾನು ಎಲ್ಲೂ ಕಂಡಿಲ್ಲ.”

ಶನಿವಾರ ಸಂಜೆ ದೀಪದ ಬುಡ ತುಂಬಿಸಿದರೆ ಎಣ್ಣೆ ಸೋಮವಾರ ಬೆಳಗಿನವರೆಗೆ ಹೇಗೋ ಎಳೆಯುತ್ತಿತ್ತು. ಎರಡು ಭಾನುವಾರ ಹಾಗೆಯೇ ದಾಟಿದವು. ಮೂರನೆಯದು ದಾಟದಿದ್ದುದಕ್ಕೆ ವಾಟಿಯೇ ಕಾರಣ.

ಕಾವು ಹೆಚ್ಚಾದರೆ ತಾನಾಗಿ ತೆರೆಯುವ ಒಂದು ಮುಚ್ಚಳ ಆ ಪೆಟ್ಟಿಗೆಯ ತಲೆಯ ಮೇಲಿತ್ತು, ಅದಕ್ಕೊಂದು ತಿರುಪು. ಎಫಿ ಹಾಲು ಕರೆಯಲು ಹೋದಾಗಲೆಲ್ಲ ವಾಟಿ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಕೊನೆಗೆ ಸಿಕ್ಕಿಬಿದ್ದ.

“ಏನ್ಮಾಡ್ತಿದೀಯ ವಾಟಿ?”

“ಏನಿಲ್ಲ, ಸ್ವಲ್ಪ ಸುಧಾರಿಸ್ದೆ. ಕಂಪನಿಯೋರು ಬಿಗಿಯಾಗಿ ಇಟ್ಟಿರ್ಲಿಲ್ಲ.”

“ಎಷ್ಟು ದಿನದಿಂದ ಸುಧಾರಿಸ್ತಿದೀಯ?”

ವಾಟಿ ಹೊಲದ ಕಡೆ ನಡೆದ. ಎಫಿ ಉಷ್ಣಮಾಪಕ ನೋಡಿ ತಿರುಪನ್ನು ಮೊದಲಿನಂತೆ ಮಾಡಿದಳು. ಆದರೆ ಮೊಟ್ಟೆಗಳು ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಕಾವು ತಿಂದಿದ್ದವು, ಮರಿಗಳು ಅವಸರಕ್ಕೆ ಬಿದ್ದಿದ್ದವು. ಅದು ಸಾಲದೆಂಬಂತೆ ಅವನು ಅದೇ ವಾರ ಮುಂದಿನ ಕೋಣೆಯ ಹೊಗೆಗೂಡಿನ ತುದಿಗೆ ಒಂದು ತಗಡಿನ ಟೋಪಿ ತೊಡಿಸಿದ. ಹೊಗೆಯನ್ನು ಎಳೆದು ಮೇಲಕ್ಕೆ ಬಿಸಾಡುವ ಹೊಸ ನಮೂನೆಯಂತೆ. ಪಾದ್ರಿಗಳು ಬರುವ ದಿನಕ್ಕೆಂದು ಅತ್ತೆ ಬೆಂಕಿ ಹಾಕಿ ನೋಡಿದರೆ ಮಾವನವರ ಪಟವೇ ಕಾಣದಷ್ಟು ಹೊಗೆ ಕೋಣೆಗಿಳಿಯಿತು.

“ನಿಮ್ಮಪ್ಪ ಕಟ್ಟಿದ ಗೂಡು ಕಣೋ ಇದು. ಇಷ್ಟು ವರ್ಷ ಹೊಗೇನ ಆಕಾಶಕ್ಕೆ ಕಳಿಸ್ತಿತ್ತು. ನೀನು ಟೋಪಿ ಹಾಕಿದ್ಮೇಲೆ ಮನೆಗೆ ಕಳಿಸ್ತಿದೆ!”

“ಸೋಮವಾರ ಬಿಚ್ತೀನಮ್ಮ.”

“ಪಾದ್ರಿಗಳು ಬರೋದು ಭಾನುವಾರ!”

ಶನಿವಾರ ಇಡೀ ದಿನ ದಕ್ಷಿಣದ ಗಾಳಿ ಆಲಿಕಲ್ಲು ಹೊತ್ತು ತಂದದ್ದರಿಂದ ಟೋಪಿ ಬಿಚ್ಚಲು ಮಾಡು ಹತ್ತುವಂತಿರಲಿಲ್ಲ. ಪಾದ್ರಿಯನ್ನು ಅಡುಗೆಮನೆಯಲ್ಲಿ ಕೂರಿಸುವುದಕ್ಕಿಂತ ಮನೆ ಬಿಟ್ಟು ಹೋಗುವುದು ಮೇಲೆಂದು ಅತ್ತೆ ತಿಳಿದಿದ್ದರು. ಕೊನೆಗೆ ಬೆಂಕಿಯಿಲ್ಲದೆ ಮುಂದಿನ ಕೋಣೆಯಲ್ಲೇ ಚಹಾ ಎಂದು ತೀರ್ಮಾನವಾಯಿತು. ನಂಬಿಗಸ್ತ ತಾಯಿಯ ಮೇಲೆ ಜಾಲರಿ ಅಂಚಿನ ಕೆಂಪು ಮಖಮಲ್ಲಿನ ಹೊದಿಕೆ ಹೊದಿಸಿ, ದೀಪದ ಬದಿಯಲ್ಲಿ ಬಟ್ಟೆ ತಾಗದಂತೆ ಮಡಚಿ, ಮೇಲೆ ಮೇಣದ ಹಣ್ಣುಗಳನ್ನಿಟ್ಟರು. ನೋಡುವವರಿಗೆ ಅದೊಂದು ಮೇಜು. ಸಬ್ಬತ್ ದಿನ ಗಥ್ರಿ ಮನೆಯ ಮುಂದಿನ ಕೋಣೆಯಲ್ಲಿ ಯಂತ್ರ ಓಡುತ್ತಿದೆ ಎಂದು ಊರಿಗೆ ಗೊತ್ತಾದರೆ ಅತ್ತೆ ತಲೆ ಎತ್ತುವಂತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಶಾಲೆಯ ಕಟ್ಟಡದಲ್ಲಿ ಆರಾಧನೆ ಮುಗಿದು ಹೊರಗೆ ಬರುವಾಗ ಎಫಿ ನನ್ನ ತೋಳು ಹಿಡಿದಳು. ಅವಳ ಕೈ ಮಂಜಿನಂತಿತ್ತು.

“ಬೆಲ್, ಸಿಡಿದಿದೆ.”

“ಏನು?”

“ಮೊಟ್ಟೆ. ಬೆಳಗ್ಗೆ ಗಾಜಿನೊಳಗೆ ನೋಡ್ದೆ, ಏಳೆಂಟಕ್ಕೆ ಬಿರುಕು ಬಿಟ್ಟಿದೆ. ಒಂದು ದಿನ ಮುಂಚೆ! ಇನ್ನು ಬಾಗಿಲು ತೆಗೆಯೋ ಹಾಗಿಲ್ಲ, ಕಾವು ಇಳಿಯೋ ಹಾಗಿಲ್ಲ. ಈ ಚಳಿಗೆ ಬತ್ತಿ ಎತ್ತರ ಮಾಡಿದೀನಿ, ಎಣ್ಣೆ ರಾತ್ರಿವರೆಗೂ ಬರಲ್ಲ.”

“ಅತ್ತೇನ ಕೇಳ್ದೆಯಾ?”

“ಕೇಳ್ದೆ. ಹನ್ನೆರಡು ಹೊಡೀಲಿ, ಸೋಮವಾರ ಆಗುತ್ತೆ, ಆಮೇಲೆ ಡಬ್ಬ ಮುಟ್ಟು ಅಂದ್ರು.”

“ಅವರಿಗೆ ಪಂತ ಗೆಲ್ಲಬೇಕಾ?”

“ಅದಲ್ಲ ಬೆಲ್. ಅವರು ನಿಜವಾಗ್ಲೂ ಹಾಗೇ ನಂಬಿದಾರೆ. ಅದೇ ಕಷ್ಟ.”

ಪಾದ್ರಿ ಲಾಡರ್ ಉದ್ದ ಮನುಷ್ಯ, ತೆಳು ಮನುಷ್ಯ. ಅವರ ಪ್ರಾರ್ಥನೆಯೂ ಅಷ್ಟೇ ಉದ್ದ, ಆದರೆ ತೆಳುವಲ್ಲ. ಕತ್ತಲಾಗುವ ಹೊತ್ತಿಗೆ ತಮ್ಮ ಕುದುರೆಗಾಡಿ ಹೊಡೆದುಕೊಂಡು ಬಂದವರ ಮೂಗಿನ ತುದಿ ಚೆರಿ ಹಣ್ಣಿನಂತಾಗಿತ್ತು. ಅತ್ತೆ ಅವರನ್ನು ಒಳ್ಳೆಯ ಕುರ್ಚಿಯಲ್ಲಿ, ತಣ್ಣಗಿದ್ದ ಬೆಂಕಿಗೂಡಿನ ಎದುರು ಕೂರಿಸಿದರು. ಹೋಗುವಾಗ ಗಾಡಿಯಲ್ಲಿ ಅವರ ಕಾಲಡಿ ಇಡಲು ಬಿಸಿನೀರಿನ ಜಾಡಿಯೊಂದು ಅಡುಗೆಮನೆಯ ಒಲೆಯ ಪಕ್ಕ ಸಿದ್ಧವಾಗಿತ್ತು. ಇಲ್ಲಿ ಮಾತ್ರ ಮಾತಾಡಿದರೆ ಬಾಯಿಂದ ಆವಿ ಬರುತ್ತಿತ್ತು. ತಣ್ಣನೆ ಕುರಿಮಾಂಸ, ಓಟ್ಸ್ ರೊಟ್ಟಿ, ಜೀರಿಗೆ ಕೇಕು, ಎಲ್ಲ ಬಂದವು. ಪಾದ್ರಿ ತಟ್ಟೆ ಹಿಡಿದುಕೊಂಡೇ ಕುರ್ಚಿಯನ್ನು ಅಷ್ಟಷ್ಟೇ ಎಳೆಯುತ್ತ ಎಳೆಯುತ್ತ, ಮೂರು ಓಟ್ಸ್ ರೊಟ್ಟಿ ಮುಗಿಯುವಷ್ಟರಲ್ಲಿ ಕೆಂಪು ಮಖಮಲ್ಲಿನ ಮೇಜಿನ ಪಕ್ಕ ಬಂದುಬಿಟ್ಟಿದ್ದರು.

“ಈ ಮೂಲೆ ಎಷ್ಟು ಬೆಚ್ಚಗಿದೆಯಲ್ಲ, ಮಿಸೆಸ್ ಗಥ್ರಿ!” ಎಂದು ಅವರು ಎರಡೂ ಕಾಲನ್ನು ಹೊದಿಕೆಯ ಅಡಿಗೆ ತೂರಿಸಿದರು.

“ಅಲ್ಲಿ ಗೋಡೆ ದಪ್ಪ, ಪಾದ್ರಿಗಳೇ” ಎಂದರು ಅತ್ತೆ.

ಸುಳ್ಳೆನ್ನುವಂತಿರಲಿಲ್ಲ. ಗೋಡೆ ದಪ್ಪವೇ ಇತ್ತು.

“ಏನೋ ಸೀಮೆಎಣ್ಣೆ ವಾಸನೆ...”

“ವಾಟಿ ತಲೆಗೆ ಯಾವುದೋ ಹೊಸ ಎಣ್ಣೆ ಹಚ್ಕೋತಾನೆ.”

ಇದು ಅಪ್ಪಟ ಸುಳ್ಳು. ಪಾದ್ರಿ ವಾಟಿಯ ತಲೆಯನ್ನು ಕರುಣೆಯಿಂದ ನೋಡಿದರು. ವಾಟಿ ಕೂದಲು ಸವರಿಕೊಂಡು, “ಬೇರಿಗೆ ಒಳ್ಳೇದಂತೆ” ಎಂದ. ಎಫಿ ಕೇಕಿನ ತಟ್ಟೆ ಹಿಡಿದು ದೀಪದ ಬದಿಗೆ ನಿಂತಿದ್ದಳು. ಗಳಿಗೆಗೊಮ್ಮೆ ಕೆಳಗೆ ಕಣ್ಣು ಹಾಯಿಸಿ, ನನ್ನ ಕಡೆ ನೋಡಿ, ತಲೆಯನ್ನು ಸಣ್ಣಗೆ ಅಲ್ಲಾಡಿಸುತ್ತಿದ್ದಳು. ಎಣ್ಣೆ ತಳ ಮುಟ್ಟಿತ್ತು.

ಚಹಾ ಮುಗಿದು ಪ್ರಾರ್ಥನೆ ಶುರುವಾಯಿತು. ಎಲ್ಲರೂ ಕಣ್ಣು ಮುಚ್ಚಿದೆವು. ಪಾದ್ರಿ ರಾಜನಿಗಾಗಿ ಬೇಡಿಕೊಂಡರು, ಸಮುದ್ರದ ಮೇಲಿರುವವರಿಗಾಗಿ ಬೇಡಿಕೊಂಡರು, ಬಂಜರು ಹೊಲಗಳಿಗಾಗಿ ಬೇಡಿಕೊಳ್ಳುವಾಗ ಮೇಜಿನೊಳಗಿಂದ ಕೇಳಿಸಿತು:

“ಚಿಂವ್.”

ಅತ್ತೆ ಕೆಮ್ಮಿದರು.

“ಚಿಂವ್, ಚಿಂವ್.”

ಅತ್ತೆ ಮತ್ತೆ ಕೆಮ್ಮಿದರು, ಕ್ಷಯ ಹಿಡಿದವರ ಹಾಗೆ. ವಾಟಿ ತಾಯಿಗೆ ನೆರವಾಗಲೆಂದು ತಾನೂ ಕೆಮ್ಮಿದ. ನನಗೆ ನಗು ಒತ್ತರಿಸಿ ಬಂದು ಕೈಚೀಲವನ್ನು ಬಾಯಿಗೆ ಒತ್ತಿ ಹಿಡಿದೆ. ಒಳಗೆ ಒಂದಕ್ಕೆ ಇನ್ನೊಂದು ದನಿಗೂಡಿಸಿ ಅದೊಂದು ಭಜನೆಯೇ ಆಯಿತು. ಪಾದ್ರಿ ಲಾಡರ್ ಮಾತ್ರ ನಿಲ್ಲಿಸಲಿಲ್ಲ. ಹೊಲ ಮುಗಿಸಿ, ರೋಗಿಗಳನ್ನು ಮುಗಿಸಿ, ಆಮೆನ್ ಎಂದು ಕಣ್ಣು ಬಿಟ್ಟರು.

“ಮಿಸೆಸ್ ಗಥ್ರಿ, ಮೂವತ್ತು ವರ್ಷದಿಂದ ಪ್ರಾರ್ಥನೆ ಮಾಡಿಸ್ತಿದೀನಿ. ನನಗಿಂತ ಮುಂಚೆ ಆಮೆನ್ ಅನ್ನೋ ಮೇಜು ಇದೇ ಮೊದಲು ಕಂಡದ್ದು.”

ಅತ್ತೆಯ ಮುಖ ಹೊದಿಕೆಯ ಬಣ್ಣಕ್ಕೆ ತಿರುಗಿತು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಎಫಿ ಮೇಣದ ಹಣ್ಣುಗಳನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು ಹೊದಿಕೆ ಸರಿಸಿದಳು. ಗಾಜಿನ ಹಿಂದೆ ಒದ್ದೆ ಮೈಯ ಐದಾರು ಮರಿಗಳು ತಲೆ ತೂಗುತ್ತ ನಿಂತಿದ್ದವು. ಸುತ್ತಲೂ ಬಿರುಕು ಬಿಟ್ಟ ಮೊಟ್ಟೆಗಳು, ಒಂದೊಂದರಲ್ಲೂ ಒಂದು ಪುಟ್ಟ ಕೊಕ್ಕು. ಪಾದ್ರಿ ಮಂಡಿಯೂರಿ ಗಾಜಿಗೆ ಮೂಗು ಅಂಟಿಸಿದರು.

ಅದೇ ಗಳಿಗೆಗೆ ದೀಪ ಎರಡು ಸಲ ಹೊಯ್ದಾಡಿ ಆರಿತು.

“ಎಣ್ಣೆ ಮುಗೀತು” ಎಂದಳು ಎಫಿ. ಸೀಮೆಎಣ್ಣೆಯ ಡಬ್ಬ ಬಾಗಿಲ ಹಿಂದೆಯೇ ಇತ್ತು. ಅವಳು ಅದನ್ನು ಎತ್ತಿಕೊಂಡಳು, ಆದರೆ ಮುಚ್ಚಳ ತೆಗೆಯಲಿಲ್ಲ. “ಅತ್ತೆ?”

ಅತ್ತೆ ಪಾದ್ರಿಗಳ ಕಡೆ ನೋಡಿದರು. ಇಂಥ ಹೊತ್ತಿನಲ್ಲಿ ಪಾದ್ರಿ ತಮ್ಮ ಪಕ್ಷ ಹಿಡಿಯುವರೆಂಬ ಧೈರ್ಯ ಅತ್ತೆಗೆ. “ನೀವೇ ಹೇಳಿ ಪಾದ್ರಿಗಳೇ. ಸಬ್ಬತ್ ದಿನ ಯಂತ್ರಕ್ಕೆ ಎಣ್ಣೆ ಹುಯ್ಯೋದು ಸರೀನಾ?”

ಪಾದ್ರಿ ಮಂಡಿಯ ಧೂಳು ಕೊಡವಿಕೊಂಡು ಎದ್ದರು. “ಏನು ಹೇಳ್ಲಿ ಮಿಸೆಸ್ ಗಥ್ರಿ? ನನ್ನ ಗಾಡಿ ದೀಪಕ್ಕೆ ಇವತ್ತು ಬೆಳಗ್ಗೆ ಎಣ್ಣೆ ಹುಯ್ಕೊಂಡೇ ಬಂದಿದೀನಿ. ಇಷ್ಟು ಹೊತ್ತು ಈ ಯಂತ್ರದ ಪಕ್ಕ ಕಾಲನ್ನೂ ಕಾಸಿದೀನಿ.”

ಅತ್ತೆಗೆ ಹಿಂದೆ ಸರಿದು ಅಭ್ಯಾಸವಿಲ್ಲ, ಅದರಲ್ಲೂ ಸೊಸೆಯಂದಿರ ಎದುರು.

“ಗಾಡಿಗೆ ಆತ್ಮ ಇಲ್ಲ” ಎಂದರು ಕೊನೆಗೆ. “ಈ ಮನೆ ಮಾತು ಬೇರೆ. ಹೇಂಟೆ ಮಾಡೋದನ್ನ ಮಾಡ್ಬಹುದು ಅಂತ ನಾನೇ ಹೇಳಿದೀನಿ, ಹೇಂಟೆ ಮಾಡೋದನ್ನೇ ಮಾಡಿ ತೋರಿಸ್ತೀನಿ. ಬೆಲ್, ಒಲೆ ಪಕ್ಕದ ಜಾಡಿ ತಾ!”

ಪಾದ್ರಿಯ ಕಾಲಿಗೆಂದು ಇಟ್ಟಿದ್ದ ಜಾಡಿಯನ್ನು ನಾನು ಮೇಣದ ಹಣ್ಣು ಕೆಳಗಿಟ್ಟು ಓಡಿ ತಂದೆ. ಅತ್ತೆ ಅದನ್ನು ಆರಿದ ದೀಪದ ಪಕ್ಕ, ಪೆಟ್ಟಿಗೆಗೆ ಒತ್ತಿ ನಿಲ್ಲಿಸಿದರು. ಆಮೇಲೆ ತಮ್ಮ ಕರಿಯ ಉಣ್ಣೆಯ ಶಾಲು ಬಿಚ್ಚಿ ಪೆಟ್ಟಿಗೆಯ ಮೇಲೆ ಹರಡಿದರು. ಅದೂ ಸಾಲದೆಂದು ಕಂಡಿತು. ಕುರ್ಚಿ ಎಳೆದುಕೊಂಡು ಕೂತು, ಭಾನುವಾರದ ಕರಿಯ ಲಂಗದ ನೆರಿಗೆಗಳನ್ನೆಲ್ಲ ಸುತ್ತ ಹರವಿ, ಎರಡೂ ತೋಳಿಂದ ನಂಬಿಗಸ್ತ ತಾಯಿಯನ್ನು ತಬ್ಬಿ, ಕೆನ್ನೆಯನ್ನು ಅದರ ನೆತ್ತಿಗೆ ಒತ್ತಿದರು. ನಮ್ಮತ್ತೆ ದೊಡ್ಡ ಆಳು. ರೆಕ್ಕೆ ಅಗಲಿಸಿ ಕೂತ ಕರಿಯ ಹೇಂಟೆಗೂ ಅವರಿಗೂ ಆಗ ಇದ್ದ ವ್ಯತ್ಯಾಸವೆಂದರೆ ತಲೆಯ ಮೇಲಿನ ಲೇಸಿನ ಟೋಪಿ.

“ಅಮ್ಮ, ಇನ್ನು ಕೊಕ್ ಕೊಕ್ ಅನ್ನೋದೊಂದು ಬಾಕಿ” ಎಂದ ವಾಟಿ.

“ನೀನು ಬಾಯಿ ಮುಚ್ಕೋ. ನಿನಗೆ ಕಾವು ಕೊಟ್ಟಾಗ್ಲೇ ಎಲ್ಲೋ ಹೆಚ್ಚುಕಮ್ಮಿ ಮಾಡಿದೀನಿ ನಾನು.”

ಎಫಿ ಗಾಜಿನ ಮುಂದೆ ಮಂಡಿಯೂರಿ, ಶಾಲಿನ ಅಂಚು ಸರಿಸಿ ಉಷ್ಣಮಾಪಕ ನೋಡುತ್ತಿದ್ದಳು. ಡಬ್ಬ ಅವಳ ಪಕ್ಕದಲ್ಲಿತ್ತು. ಕೈ ಚಾಚಿದರೆ ಸಾಕಿತ್ತು, ಆದರೆ ಅವಳು ಚಾಚಲಿಲ್ಲ.

“ಇಳೀತಿದೆ ಅತ್ತೆ.”

“ಇಳಿಯಲ್ಲ. ತಾಳು.”

“ಇನ್ನೂ ಇಳೀತು.”

ಅತ್ತೆ ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡರು. ಆಗ ಅವರ ಮುಖದಲ್ಲಿ ಏನೋ ಬದಲಾಯಿತು. ಹುಬ್ಬು ಮೇಲೇರಿತು, ಬಾಯಿ ಸ್ವಲ್ಪ ತೆರೆಯಿತು. ಕಿವಿಯನ್ನು ಮರಕ್ಕೆ ಇನ್ನೂ ಹತ್ತಿರ ತಂದರು.

“ಕುಟ್ತಿದೆ” ಎಂದು ಪಿಸುಗುಟ್ಟಿದರು. “ಎಫಿ, ಇಲ್ಲೊಂದು ಕುಟ್ತಿದೆ ಕಣೇ. ಒಳಗಿಂದ. ಟಕ್ ಟಕ್ ಅಂತ... ಈಗ ನಿಧಾನ ಆಯ್ತು.” ಅವರು ತಲೆಯೆತ್ತಿದರು. “ಯಾಕೆ ನಿಧಾನ ಆಯ್ತು?”

“ಚಳಿ ಆಗ್ತಿದೆ ಅತ್ತೆ ಅದಕ್ಕೆ.”

ಅತ್ತೆ ಕೂತಲ್ಲಿಂದಲೇ ಗಂಡನ ಪಟ ನೋಡಿದರು, ಪಾದ್ರಿಯನ್ನು ನೋಡಿದರು, ಕೊನೆಗೆ ಡಬ್ಬವನ್ನು ನೋಡಿದರು. ಅಷ್ಟು ದೊಡ್ಡ ಹೆಂಗಸಿನ ಗಂಟಲಿಂದ ಅಷ್ಟು ಸಣ್ಣ ದನಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

“ಪಾದ್ರಿಗಳೇ, ನಮ್ಮ ಯಜಮಾನರ ಪಟ ನೀವು ಹತ್ತಿರದಿಂದ ನೋಡೇ ಇಲ್ಲ ಅಲ್ವಾ?”

“ಇಲ್ಲ, ಮಿಸೆಸ್ ಗಥ್ರಿ.”

“ಚೆನ್ನಾಗಿ ಬಂದಿದೆ. ನೋಡಿ. ಗಡ್ಡ ಒಂದೊಂದು ಎಳೇನೂ ಕಾಣುತ್ತೆ. ವಾಟಿ, ನೀನೂ ನೋಡೋ, ನಿಮ್ಮಪ್ಪ ಅಲ್ವಾ?”

ಪಾದ್ರಿ ಲಾಡರ್ ಗಂಭೀರವಾಗಿ ಗೋಡೆಯ ಕಡೆ ತಿರುಗಿ, ಕೈ ಹಿಂದೆ ಕಟ್ಟಿ ನಿಂತರು. ವಾಟಿ ಅವರ ಪಕ್ಕ ನಿಂತ. ನಾನೂ ಮೇಣದ ಹಣ್ಣು ಮತ್ತೆ ಅಪ್ಪಿಕೊಂಡು ತಿರುಗಿದೆ. ನಮ್ಮ ಬೆನ್ನ ಹಿಂದೆ ಡಬ್ಬದ ಮುಚ್ಚಳ ಕಿರ್ರೆಂದಿತು, ಎಣ್ಣೆ ಗಳಗಳ ಇಳಿಯಿತು, ಬೆಂಕಿಕಡ್ಡಿ ಗೀರಿದ ಸದ್ದಾಯಿತು.

“ಬತ್ತಿ ಇನ್ನೂ ಸ್ವಲ್ಪ ಎತ್ತೇ” ಎಂದು ಅತ್ತೆಯ ದನಿ. “ಆ ಕಡೆ ಕರಿ ಹಿಡಿದಿದೆ, ಕತ್ತರಿಸು. ಬಿಡು, ನಾನು ಕತ್ತರಿಸ್ತೀನಿ.”

“ಗಡ್ಡ ಬಹಳ ಚೆನ್ನಾಗಿದೆ” ಎಂದರು ಪಾದ್ರಿ ಗೋಡೆಗೆ.

ಆ ಸಂಜೆ ಪಾದ್ರಿ ತಣ್ಣನೆ ಕಾಲಿನಲ್ಲೇ ಮನೆಗೆ ಹೋದರು. ಜಾಡಿ ವಾಪಸು ಕೊಡಲು ಅತ್ತೆಗೆ ಮನಸ್ಸು ಬರಲಿಲ್ಲ.

ಸೋಮವಾರ ನಾನು ಹಾಲು ಕರೆದು ಮುಗಿಸಿ ಓಡಿದೆ. ಮುಂದಿನ ಕೋಣೆಯಲ್ಲಿ ಎಫಿ ಬುಟ್ಟಿಗೆ ಮರಿಗಳನ್ನು ಎತ್ತಿಡುತ್ತಿದ್ದಳು, ಅತ್ತೆ ಎಣಿಸುತ್ತಿದ್ದರು. ಮೂವತ್ತೊಂದನೆಯದು ಕೈಗೆ ಬಂದಾಗ ಎಫಿ ನಿಲ್ಲಿಸಿ ಅತ್ತೆಯ ಮುಖ ನೋಡಿದಳು.

“ಏನು ನೋಡ್ತೀಯ? ಇನ್ನೂ ಇದಾವೆ, ಎತ್ತು” ಎಂದರು ಅತ್ತೆ.

ಎಣಿಕೆ ನಲವತ್ತು ದಾಟಿತು. ಕೊನೆಯ ಮರಿಯನ್ನು ಅತ್ತೆಯೇ ಎತ್ತಿ ಅಂಗೈಯಲ್ಲಿಟ್ಟುಕೊಂಡರು. “ಇದೇ ಕಣೇ ಕುಟ್ತಿದ್ದದ್ದು. ಕೊಕ್ಕು ನೋಡು ಎಷ್ಟು ಗಟ್ಟಿ.” ಆಮೇಲೆ ಎಂದಿನ ದನಿಗೆ ಬಂದರು. “ಪಂತ ನೀನು ಗೆದ್ದೆ ಅಂತ ತಿಳ್ಕೋಬೇಡ. ಮರಿ ಮಾಡಿದ್ದು ನಿನ್ನ ಪೆಟ್ಟಿಗೆ ಅಲ್ಲ. ನನ್ನ ಜಾಡಿ, ನನ್ನ ಶಾಲು, ನನ್ನ ಮೈ.”

“ಹೌದತ್ತೆ. ಎಣ್ಣೆ?”

“ಯಾವ ಎಣ್ಣೆ? ಪಾದ್ರಿಗಳನ್ನ ಕೇಳು. ಅವರು ಏನೂ ನೋಡಿಲ್ಲ.”

ಎಫಿ ತುಟಿ ಕಚ್ಚಿಕೊಂಡಳು. ನಗುವುದಕ್ಕೋ ಅಳುವುದಕ್ಕೋ ನನಗೆ ತಿಳಿಯಲಿಲ್ಲ. ಅತ್ತೆ ಮರಿಯನ್ನು ಬುಟ್ಟಿಗೆ ಬಿಟ್ಟು ಸೊಂಟದ ದಾರ ಬಿಚ್ಚಿದರು. ಬೀಗದಕೈ ಹೊರಬಂತು. ಅದನ್ನು ಎಫಿಗೆ ಕೊಡಲು ಕೈ ಅರ್ಧ ಮುಂದೆ ಹೋಗಿ ನಿಂತಿತು. ಕೊಡಲೂ ಆಗದು, ಇಟ್ಟುಕೊಳ್ಳಲೂ ಆಗದು. ಅತ್ತಿತ್ತ ನೋಡಿದರು. ನಂಬಿಗಸ್ತ ತಾಯಿಯ ಪಕ್ಕದಲ್ಲಿ ದೀಪ ತೂಗಿಹಾಕುವ ಒಂದು ಕೊಕ್ಕೆಯಿತ್ತು. ಬೀಗದಕೈಯನ್ನು ಅದಕ್ಕೆ ಸಿಕ್ಕಿಸಿದರು.

“ನಂದೂ ಅಲ್ಲ, ನಿಂದೂ ಅಲ್ಲ. ಇವಳದ್ದು. ಇವಳಿಗೆ ಮನಸ್ಸಿಲ್ಲವಂತೆ, ಯಾರ ಪಕ್ಷನೂ ಹಿಡಿಯಲ್ಲ.”

ಆ ಮಧ್ಯಾಹ್ನವೇ ಎಫಿ ಪರದೆ ಸರಿಸಿದಳು. ಎಷ್ಟೋ ವರ್ಷ ಹೊರಗೇ ಕಾದಿದ್ದ ಬಿಸಿಲು ಸೋಫಾದ ಮೇಲೆ ಬಂದು ಕೂತಿತು, ಅದರ ಪಕ್ಕ ಹೊಲಿಗೆ ಹಿಡಿದು ಅವಳೂ ಕೂತಳು. ಮೇಲೆ ಮಾಡಿನಲ್ಲಿ ವಾಟಿ ಹೊಗೆಗೂಡಿನ ಟೋಪಿ ಬಿಚ್ಚುತ್ತ ಸುತ್ತಿಗೆಯಿಂದ ಬಡಿಯುತ್ತಿದ್ದ. ಅದನ್ನು ಬೇರೆಲ್ಲಾದರೂ ಬಳಸಬಹುದೆಂದು ಅವನಿಗೆ ಆಗಲೇ ಹೊಳೆದಿತ್ತು. ಅತ್ತೆ ಬಾಗಿಲವರೆಗೆ ಬಂದರು, ಬಿಸಿಲನ್ನು ನೋಡಿದರು, ಬಣ್ಣ ಹೋಗುವ ಮಾತು ತುಟಿಯವರೆಗೆ ಬಂದದ್ದು ನನಗೆ ಕಾಣಿಸಿತು. ಅದನ್ನು ನುಂಗಿಕೊಂಡು, ಕಾವಿಗಿಡಲು ತಂದ ಹೊಸ ಮೊಟ್ಟೆಗಳ ಬುಟ್ಟಿಯನ್ನು ಸೋಫಾದ ಮೇಲಿಟ್ಟರು.

“ಆ ಕಡೆ ಸರ್ಕೊಳ್ಳೇ, ನಾನೂ ಕೂರ್ಬೇಕು. ಇವತ್ತು ಸೋಮವಾರ.”